ಆಪ್ಟಿಕಲ್ ವೈರಲ್ಲಿ ಗೇಮ್‌ಗೂ 5.1 ಬರಬೇಕು: ಯಾವ ಸೌಂಡ್ ಕಾರ್ಡ್ ತಗೊಳ್ಳಲಿ?

ಬಟವಾಡಿ ಕೇಳುಗ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ ಸಲಹೆ ಕೊಡಿ.

ನಮ್ಮ ದೊಡ್ಡಪ್ಪ ಮನೆ ಖಾಲಿ ಮಾಡಿಕೊಂಡು ಮಗಳ ಹತ್ತಿರ ಇರಲು ಹೋದರು. ಹೋಗುವಾಗ ಅವರ ಎವಿ ರಿಸೀವರ್ (ಸದ್ದನ್ನು ಸ್ಪೀಕರುಗಳಿಗೆ ಹಂಚುವ ಪೆಟ್ಟಿಗೆ), ಐದು ಸ್ಪೀಕರ್, ಒಂದು ಸಬ್‌ವೂಫರ್, ಅಂದರೆ 5.1 ಸೆಟ್, ಎಲ್ಲಾ ನಮಗೆ ಕೊಟ್ಟರು. 2006ರಲ್ಲಿ ತಗೊಂಡದ್ದು. ಮೇಲೆ ಬಟ್ಟೆ ಹೊದಿಸಿ ಇಟ್ಟಿದ್ದರು, ಒಂದು ಗೀರು ಕೂಡ ಇಲ್ಲ. "ಸುಮ್ನೆ ಮೂಲೆಗೆ ಹಾಕಬೇಡ ಕಣೋ, ಆರೂ ಸ್ಪೀಕರ್ ಮಾತಾಡಬೇಕು" ಅಂತ ಹೇಳಿ ಹೋಗಿದ್ದಾರೆ. ಅದಕ್ಕೇ ಇಷ್ಟು ಒದ್ದಾಡುತ್ತಿದ್ದೇನೆ.

ರಿಸೀವರ್ ಹಿಂದೆ ಎಚ್‌ಡಿಎಂಐ ಇಲ್ಲ. ಎರಡು ಆಪ್ಟಿಕಲ್ (ಬೆಳಕಿನ ವೈರಿನದ್ದು), ಒಂದು ಕೋಆಕ್ಸಿಯಲ್ (ತಾಮ್ರದ ವೈರಿನದ್ದು) ಇದೆ. ನನ್ನ ಕಂಪ್ಯೂಟರ್ ಬೋರ್ಡಿನ ಹಿಂದೆಯೂ ಒಂದು ಆಪ್ಟಿಕಲ್ ಕಿಂಡಿ ಇದೆ. ವೈರ್ ತಂದು ಸಿಕ್ಕಿಸಿದೆ. ಹಳೆಯ ಡಿವಿಡಿ ಹಾಕಿದರೆ ರಿಸೀವರಿನ ಡಿಸ್‌ಪ್ಲೇಯಲ್ಲಿ ಡಾಲ್ಬಿ ಡಿಜಿಟಲ್ ಅಂತ ಬರುತ್ತದೆ. ಪಕ್ಕದಲ್ಲಿ ಎಲ್, ಸಿ, ಆರ್, ಎಸ್‌ಎಲ್, ಎಸ್‌ಆರ್, ಎಲ್‌ಎಫ್‌ಇ (ಎಡ, ಮಧ್ಯ, ಬಲ, ಹಿಂದಿನ ಎಡ, ಹಿಂದಿನ ಬಲ, ಸಬ್‌ವೂಫರ್) ಅಂತ ಆರು ಪುಟ್ಟ ಚೌಕಗಳು ಹೊತ್ತಿಕೊಳ್ಳುತ್ತವೆ. ಹಿಂದಿನ ಸ್ಪೀಕರ್‌ನಿಂದ ಮಳೆ ಸದ್ದು ಬಂದಾಗ ಮೈ ಜುಮ್ ಅಂದಿತು. ಆದರೆ ನನ್ನ ತಮ್ಮ ಗೇಮ್ ಹಾಕಿದ ತಕ್ಷಣ ನಾಲ್ಕು ಚೌಕ ಆರಿಹೋಗುತ್ತವೆ. ಎಲ್ ಮತ್ತು ಆರ್ ಮಾತ್ರ. ಹೊಸ ಸಿನಿಮಾ ಫೈಲುಗಳಲ್ಲೂ ಕೆಲವಕ್ಕೆ ಇದೇ ಕಥೆ.

ಒಂದು ಅಂಗಡಿಯಲ್ಲಿ ಕೇಳಿದೆ. "7.1 ಡಿಜಿಟಲ್" ಅಂತ ಬರೆದಿದ್ದ ಯುಎಸ್‌ಬಿ ಸೌಂಡ್ ಕಾರ್ಡ್ ಕೊಟ್ಟರು. ಅದರಲ್ಲೂ ಆಪ್ಟಿಕಲ್ ಇದೆ. ಹಾಕಿದೆ. ಅದೇ ಎರಡು ಚೌಕ. ವಾಪಸ್ ತಗೊಳ್ಳಲಿಲ್ಲ. ಬೇಜಾರಾಯಿತು.

ಇನ್ನೊಂದು ವಿಷಯ. ಅಮ್ಮನಿಗೆ ಈಗ ಕಿವಿ ಸ್ವಲ್ಪ ಮಂದ. "ಹಾಡು ಜೋರು, ಮಾತು ಒಂದೂ ತಿಳಿಯಲ್ಲ" ಅನ್ನುತ್ತಾರೆ. ಡಿವಿಡಿಯಲ್ಲಿ ಮಧ್ಯದ ಸ್ಪೀಕರ್‌ನಿಂದ ಮಾತು ಬಂದಾಗ ಮಾತ್ರ ಅವರು ಕೊನೆಯವರೆಗೂ ಕೂತು ನೋಡಿದರು. ಹಾಗಾಗಿ ಬರೀ ಗೇಮ್ ವಿಷಯ ಅಲ್ಲ ಇದು.

8,000 ರೂಪಾಯಿ ತನಕ ಹಾಕಬಲ್ಲೆ. ಯಾವ ಕಾರ್ಡ್ ತಗೊಳ್ಳಲಿ?

ಕೋಲಾರ ಗೇಮರ್:

ಅಣ್ಣ, ಕಾರ್ಡ್ ಯಾಕೆ? ಗ್ರಾಫಿಕ್ಸ್ ಕಾರ್ಡಿನ ಎಚ್‌ಡಿಎಂಐ ನೇರ ರಿಸೀವರಿಗೆ ಕೊಡಿ. ಅದರಲ್ಲಿ ಎಂಟು ಚಾನೆಲ್ ಪಿಸಿಎಂ, ಅಂದರೆ ಹಿಂಡದ ಡಿಜಿಟಲ್ ಸದ್ದು, ಹಾಗೇ ಹೋಗುತ್ತದೆ. ಯಾವ ತಲೆನೋವೂ ಇಲ್ಲ.

ಬಟವಾಡಿ ಕೇಳುಗ:

ರಿಸೀವರಲ್ಲಿ ಎಚ್‌ಡಿಎಂಐ ಇಲ್ಲ ಅಂತ ಬರೆದಿದ್ದೆ ತಮ್ಮ. ಇದ್ದಿದ್ದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ.

ಕೋಲಾರ ಗೇಮರ್:

ಸಾರಿ ಅಣ್ಣ, ಸರಿಯಾಗಿ ಓದಲಿಲ್ಲ. ಎಚ್‌ಡಿಎಂಐಯಿಂದ ಆಪ್ಟಿಕಲ್ ತೆಗೆಯುವ ಚಿಕ್ಕ ಡಬ್ಬಿ ಸಿಗುತ್ತದಲ್ಲ, ಎಕ್ಸ್‌ಟ್ರಾಕ್ಟರ್ ಅಂತ? ಅದು ಆಗಲ್ವಾ?

ಕ್ಯಾತ್ಸಂದ್ರ ಸರ್ವಿಸ್:

ಅದನ್ನು ತರಬೇಡಿ. ಆ ಡಬ್ಬಿ ಒಳಗೆ ಬಂದದ್ದನ್ನು ಹೊರಗೆ ಕೊಡುತ್ತದೆ, ಅಷ್ಟೇ. ಡಾಲ್ಬಿ ಡಿಜಿಟಲ್ ಆಗಿ ಬಂದರೆ ಡಾಲ್ಬಿ ಹೋಗುತ್ತದೆ. ಗೇಮಿನ ಆರು ಚಾನೆಲ್ ಪಿಸಿಎಂ ಬಂದರೆ ಆಪ್ಟಿಕಲ್ಲಿಗೆ ಹೋಗುವುದು ಎರಡೇ. ಮತ್ತೆ ಅಲ್ಲೇ ನಿಲ್ಲುತ್ತೀರಿ.

ನಾನು ಈ ಆಡಿಯೊ ರಿಪೇರಿ ಕೆಲಸ ಮಾಡಿಕೊಂಡು ಇಪ್ಪತ್ತು ವರ್ಷಕ್ಕೆ ಮೇಲಾಯಿತು. ಈ ಪ್ರಶ್ನೆ ತಿಂಗಳಿಗೆ ಒಬ್ಬರಾದರೂ ತರುತ್ತಾರೆ. ಎಲ್ಲರೂ "ಒಳ್ಳೆ ಸೌಂಡ್ ಇರುವ ಕಾರ್ಡ್ ಯಾವುದು" ಅಂತಲೇ ಕೇಳುತ್ತಾರೆ. ಡಿಜಿಟಲ್ ವೈರ್ ಹಾಕುವವರು ಕೇಳಬೇಕಾದ್ದು ಅದಲ್ಲ. "ಆರು ಚಾನೆಲನ್ನು ಗಂಟು ಕಟ್ಟುವವರು ಯಾರು" ಅಂತ ಕೇಳಬೇಕು.

ಹೇಗೆ ಅಂದರೆ, ಈ ಆಪ್ಟಿಕಲ್, ಕೋಆಕ್ಸಿಯಲ್ ಎರಡೂ ಎಸ್‌ಪಿಡಿಫ್ ಅನ್ನುವ ಒಂದೇ ಪದ್ಧತಿಯವು. ಸೋನಿ ಮತ್ತು ಫಿಲಿಪ್ಸ್ ಸೇರಿ ಮಾಡಿದ್ದು. ಸಿಡಿ ಕಾಲದ್ದು. ಹಾಗಾಗಿ ಎರಡು ಚಾನೆಲ್ ಪಿಸಿಎಂಗೆ ಅಳೆದು ಹೊಲಿದ ಅಂಗಿ ಅದು. 48 ಕಿಲೋಹರ್ಟ್ಸ್, 16 ಬಿಟ್, ಎರಡು ಚಾನೆಲ್ ಅಂದರೆ ಸೆಕೆಂಡಿಗೆ 1,536 ಕಿಲೋಬಿಟ್. ಆರು ಚಾನೆಲ್ ಹಾಗೇ ಕಳಿಸಬೇಕು ಅಂದರೆ 4,608 ಆಗುತ್ತದೆ. ಆ ಅಂಗಿಗೆ ಅಷ್ಟು ಮೈ ಹಿಡಿಸುವುದಿಲ್ಲ.

ಅದಕ್ಕೆ ಆರನ್ನೂ ಹಿಂಡಿ ಒಂದು ಗಂಟು ಮಾಡುತ್ತಾರೆ. ಡಾಲ್ಬಿ ಡಿಜಿಟಲ್ ಅಂದರೆ ಎಸಿ-3. ಅದು ಜಾಸ್ತಿ ಅಂದರೆ 640 ಕಿಲೋಬಿಟ್. ಡಿವಿಡಿಯಲ್ಲಿ 448ರ ಒಳಗೆ. ಡಿಟಿಎಸ್ ಆದರೆ ಸುಮಾರು 1,509. ಎರಡೂ ಆ ವೈರಲ್ಲಿ ಆರಾಮಾಗಿ ಹೋಗುತ್ತವೆ. ರಿಸೀವರ್ ಗಂಟು ಬಿಚ್ಚಿ ಆರು ಸ್ಪೀಕರಿಗೆ ಹಂಚುತ್ತದೆ.

ಡಿವಿಡಿಯಲ್ಲಿ ಗಂಟು ಮೊದಲೇ ಕಟ್ಟಿರುತ್ತದೆ. ಕಂಪ್ಯೂಟರ್ ಅದನ್ನು ಮುಟ್ಟದೆ ದಾಟಿಸಿದರೆ ಸಾಕು. ಇದಕ್ಕೆ ಪಾಸ್‌ಥ್ರೂ ಅನ್ನುತ್ತಾರೆ. ನಿಮ್ಮ ಮದರ್‌ಬೋರ್ಡ್ ಮಾಡಿದ್ದು ಇದನ್ನೇ. ಗೇಮಿನಲ್ಲಿ ಗಂಟು ಇಲ್ಲ. ಯಾವ ಕಡೆಯಿಂದ ಗುಂಡು ಬರುತ್ತದೆ ಅನ್ನುವುದು ಆಡುವ ಕ್ಷಣಕ್ಕೇ ತೀರ್ಮಾನ ಆಗುತ್ತದೆ. ಅದನ್ನು ಅಲ್ಲೇ, ಆಗಲೇ ಯಾರಾದರೂ ಕಟ್ಟಬೇಕು. ಕಟ್ಟುವವರು ಇಲ್ಲದಿದ್ದರೆ ವಿಂಡೋಸ್ ಎರಡು ಚಾನೆಲ್ ಕೊಟ್ಟು ಕೈ ತೊಳೆದುಕೊಳ್ಳುತ್ತದೆ.

ಹೀಗೆ ಕೂತಲ್ಲೇ ಕಟ್ಟುವ ಕೆಲಸಕ್ಕೆ ಡಾಲ್ಬಿ ಡಿಜಿಟಲ್ ಲೈವ್ ಅಂತ ಹೆಸರು. ಡಿಟಿಎಸ್‌ನವರದ್ದು ಡಿಟಿಎಸ್ ಇಂಟರ್ಯಾಕ್ಟಿವ್. ಅದರ ಜೊತೆ ಸ್ಟೀರಿಯೊವನ್ನು ಹರಡುವ ನಿಯೊ ಪಿಸಿ ಸೇರಿಸಿ ಡಿಟಿಎಸ್ ಕನೆಕ್ಟ್ ಅಂತ ಮಾರುತ್ತಾರೆ. ನೀವು ಡಬ್ಬಿ ಮೇಲೆ ಹುಡುಕಬೇಕಾದ ಪದ ಈ ಮೂರರಲ್ಲಿ ಒಂದು. 7.1 ಅನ್ನುವ ಅಂಕಿ ಹಿಂದಿನ ಬಣ್ಣಬಣ್ಣದ ಅನಲಾಗ್ ತೂತುಗಳ ಲೆಕ್ಕ. ಆಪ್ಟಿಕಲ್ಲಿಗೂ ಅದಕ್ಕೂ ಸಂಬಂಧ ಇಲ್ಲ. ಅಂಗಡಿಯವರಿಗೂ ಇದು ಗೊತ್ತಿರುವುದಿಲ್ಲ, ಅದೇ ಬೇಸರ.

ತಿಪಟೂರು ತೆಂಗು:

ಸರ್ ಹೇಳಿದ್ದನ್ನು ನಮ್ಮ ಕಡೆ ಲೆಕ್ಕದಲ್ಲಿ ಹೇಳುತ್ತೇನೆ. ಸಿಪ್ಪೆ ಸಮೇತ ತೆಂಗಿನಕಾಯಿ ತುಂಬಿದರೆ ಗಾಡಿ ಬೇಗ ತುಂಬಿಹೋಗುತ್ತದೆ. ಅಷ್ಟೇ ಕಾಯಿಯನ್ನು ಕೊಬ್ಬರಿ ಮಾಡಿದರೆ ಅದೇ ಗಾಡಿಯಲ್ಲಿ ಜಾಗ ಉಳಿಯುತ್ತದೆ. ಡಿವಿಡಿ ಅಂದರೆ ಮೊದಲೇ ಕೊಬ್ಬರಿ ಆಗಿರುವ ಮಾಲು. ಗೇಮ್ ಅಂದರೆ ಈಗ ತಾನೇ ಮರದಿಂದ ಬಿದ್ದ ಕಾಯಿ. ಕೊಬ್ಬರಿಯನ್ನು ತಿರುಗಿ ಹಸಿ ಕಾಯಿ ಮಾಡಲು ಆಗುವುದಿಲ್ಲ ಅನ್ನುವುದೂ ಸತ್ಯ, ಹಿಂಡುವಾಗ ಏನೋ ಒಂದಿಷ್ಟು ಹೋಗಿಯೇ ಹೋಗುತ್ತದೆ. ಆದರೆ 640ರಲ್ಲಿ ನನ್ನ ಕಿವಿಗೆ ಯಾವತ್ತೂ ಕೊರತೆ ಅನಿಸಿಲ್ಲ.

ಶಿರಾ ಗೇಟ್:

ನನ್ನ ಅಭಿಪ್ರಾಯ ಬೇರೆ. ಕಾರ್ಡ್ ತಗೊಂಡರೆ 24 ಬಿಟ್, 192 ಕಿಲೋಹರ್ಟ್ಸ್, 120 ಡೆಸಿಬಲ್ ಎಸ್‌ಎನ್‌ಆರ್ (ಬೇಕಾದ ಸದ್ದಿಗೂ ಬೇಡದ ಗದ್ದಲಕ್ಕೂ ಇರುವ ಅಂತರ) ಇರುವುದನ್ನೇ ತಗೊಳ್ಳಿ. ದುಡ್ಡು ಹಾಕುವಾಗ ಒಂದೇ ಸಲ ಒಳ್ಳೆಯದಕ್ಕೆ ಹಾಕಬೇಕು.

ಕ್ಯಾತ್ಸಂದ್ರ ಸರ್ವಿಸ್:

ಹೆಡ್‌ಫೋನ್ ಹಾಕುವವರಿಗೆ ನಿಮ್ಮ ಮಾತು ಪೂರ್ತಿ ಸರಿ. ಇಲ್ಲಿ ಮಾತ್ರ ಅನ್ವಯಿಸುವುದಿಲ್ಲ. ಆ 120 ಡೆಸಿಬಲ್ ಇರುವುದು ಕಾರ್ಡಿನ ಡಿಎಸಿ ಚಿಪ್ಪಿನದ್ದು. ಅಂಕಿಯನ್ನು ಅಲೆಯಾಗಿ ಬದಲಿಸುವ ಭಾಗ ಅದು. ಆಪ್ಟಿಕಲ್ಲಿನಲ್ಲಿ ಅಂಕಿ ಅಂಕಿಯಾಗಿಯೇ ಆಚೆ ಹೋಗುತ್ತದೆ. ಅಲೆ ಮಾಡುವುದು ದೊಡ್ಡಪ್ಪನ ರಿಸೀವರ್. ಅಂದರೆ ಕೆಲಸಕ್ಕೇ ಬಾರದ ಭಾಗಕ್ಕೆ ದುಡ್ಡು ಕೊಟ್ಟ ಹಾಗೆ. ಡಾಲ್ಬಿ ಲೈವ್ ಏನಿದ್ದರೂ 48 ಕಿಲೋಹರ್ಟ್ಸಿನಲ್ಲೇ ಕಟ್ಟುತ್ತದೆ. 192 ಅಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ.

ಶಿರಾ ಗೇಟ್:

ಇದು ನನಗೆ ಹೊಳೆದಿರಲಿಲ್ಲ. ನಾನೂ ಟಿವಿ ಹತ್ತಿರದ ಕಂಪ್ಯೂಟರಿಗೆ ಇದೇ ಲೆಕ್ಕದಲ್ಲಿ ಕಾರ್ಡ್ ಹಾಕಿಸಿದ್ದೆ. ತಿಳಿಸಿದ್ದಕ್ಕೆ ಧನ್ಯವಾದ.

ಚಿಂತಾಮಣಿ ಅಕ್ಕ:

ಕಾರ್ಡ್ ತಗೊಳ್ಳುವ ಮೊದಲು ಒಂದು ದಿನ ತಡೀರಿ. ಸಿನಿಮಾ ಮಟ್ಟಿಗೆ ಕಾರ್ಡೇ ಬೇಡ.

ನಮ್ಮ ಮನೆಯಲ್ಲೂ ಇಂಥದ್ದೇ ಹಳೆಯ ರಿಸೀವರ್ ಇದೆ. ಕಂಪ್ಯೂಟರಲ್ಲಿ ಲಿನಕ್ಸ್, ಸಿನಿಮಾಗೆ ಕೋಡಿ ಅನ್ನುವ ಪ್ಲೇಯರ್. ಕೋಡಿಯ ಆಡಿಯೊ ಸೆಟ್ಟಿಂಗಿನಲ್ಲಿ ಚಾನೆಲ್ ಸಂಖ್ಯೆ 2.0 ಇಡಿ. ಪಾಸ್‌ಥ್ರೂ ಆನ್ ಮಾಡಿ. ಡಾಲ್ಬಿ ಡಿಜಿಟಲ್, ಡಿಟಿಎಸ್ ಎರಡಕ್ಕೂ ಟಿಕ್ ಹಾಕಿ. ಅದರ ಕೆಳಗೇ ಡಾಲ್ಬಿ ಡಿಜಿಟಲ್ ಟ್ರಾನ್ಸ್‌ಕೋಡಿಂಗ್ ಅಂತ ಇರುತ್ತದೆ. ಅದನ್ನೂ ಆನ್ ಮಾಡಿ. ನಿಮ್ಮ "ಕೆಲವು ಹೊಸ ಫೈಲು" ಬಹುಶಃ ಎಎಸಿ 5.1 ಇರಬೇಕು. ರಿಸೀವರಿಗೆ ಎಎಸಿ ಗಂಟು ಬಿಚ್ಚಲು ಬರುವುದಿಲ್ಲ. ಕೋಡಿ ಅದನ್ನು ಬಿಚ್ಚಿ ಎಸಿ-3 ಆಗಿ ಮತ್ತೆ ಕಟ್ಟಿ ಕಳಿಸುತ್ತದೆ. 2.0 ಅಂತ ಇಡಲು ಭಯ ಆಗುತ್ತದೆ, ನನಗೂ ಆಗಿತ್ತು. ಆದರೆ ಆಪ್ಟಿಕಲ್ಲಿಗೆ ಅದೇ ಸರಿ.

ಬ್ಲೂರೇಯಿಂದ ಬಂದ ಫೈಲುಗಳ ವಿಷಯ ಸ್ವಲ್ಪ ಬೇರೆ. ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್‌-ಎಚ್‌ಡಿ ಪೂರ್ತಿಯಾಗಿ ಈ ವೈರಲ್ಲಿ ಹೋಗುವುದಿಲ್ಲ. ಆದರೆ ಡಿಟಿಎಸ್‌-ಎಚ್‌ಡಿ ಒಳಗೆ ಮಾಮೂಲಿ ಡಿಟಿಎಸ್ ಒಂದು ತಿರುಳಿನ ಹಾಗೆ ಇರುತ್ತದೆ. ಅದು ಹೋಗುತ್ತದೆ.

ವಿಎಲ್‌ಸಿಯಲ್ಲೂ ಪಾಸ್‌ಥ್ರೂ ಇದೆ. ವಿಂಡೋಸಲ್ಲೂ ಕೋಡಿ ಸಿಗುತ್ತದೆ. ದುಡ್ಡು ಖರ್ಚಿಲ್ಲ.

ಬಟವಾಡಿ ಕೇಳುಗ:

ಅಕ್ಕ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ರಾತ್ರಿಯೇ ಕೋಡಿ ಹಾಕಿದೆ. ಕೈಕೊಟ್ಟಿದ್ದ ಮೂರೂ ಫೈಲಿನಲ್ಲಿ ಆರು ಚೌಕ ಬಂತು. ಎರಡು ಸಂಶಯ ಇವೆ. ಪಾಸ್‌ಥ್ರೂ ಹಾಕಿದ ಮೇಲೆ ಕಂಪ್ಯೂಟರ್ ವಾಲ್ಯೂಮ್ ಕೆಲಸವೇ ಮಾಡುತ್ತಿಲ್ಲ. ಮತ್ತೆ ಪ್ರತಿ ಸಲ ಶುರುವಿನಲ್ಲಿ ಅರ್ಧ ಸೆಕೆಂಡ್ ಸದ್ದು ನುಂಗಿಹೋಗುತ್ತದೆ. ಕೆಟ್ಟಿದೆಯಾ?

ಚಿಂತಾಮಣಿ ಅಕ್ಕ:

ಎರಡೂ ಹಾಗೇ ಇರಬೇಕು. ಗಂಟು ಮುಟ್ಟದೆ ದಾಟಿಸುವಾಗ ವಾಲ್ಯೂಮ್ ಬದಲಿಸಲು ಆಗುವುದಿಲ್ಲ, ರಿಸೀವರಿನ ರಿಮೋಟಲ್ಲೇ ಮಾಡಬೇಕು. ಪಿಸಿಎಂ ಬಿಟ್ಟು ಡಾಲ್ಬಿಗೆ ಬದಲಾದಾಗ ರಿಸೀವರ್ ಒಂದು ಕ್ಷಣ ತಡೆದು ಗುರುತು ಹಿಡಿಯುತ್ತದೆ. ಆ ಅರ್ಧ ಸೆಕೆಂಡ್ ಅದು. ಅಮ್ಮನಿಗೆ ಮಾತು ಕೇಳಿಸಿತಾ?

ಬಟವಾಡಿ ಕೇಳುಗ:

ಮೊದಲಿಗಿಂತ ಚೆನ್ನಾಗಿದೆ ಅಂದರು. ಇನ್ನೂ ಸ್ವಲ್ಪ ಬೇಕು ಅಂದರು.

ಚಿಂತಾಮಣಿ ಅಕ್ಕ:

ರಿಸೀವರಿನ ಮೆನುವಿನಲ್ಲಿ ಚಾನೆಲ್ ಲೆವೆಲ್ ಅಂತ ಇರುತ್ತದೆ. ಸೆಂಟರ್ ಮಾತ್ರ 3 ಡೆಸಿಬಲ್ ಏರಿಸಿ. ಸಬ್‌ವೂಫರ್ ಎರಡು ಇಳಿಸಿ. ನೈಟ್ ಮೋಡ್ ಇದ್ದರೆ ಡಾಲ್ಬಿ ಸಿನಿಮಾ ಓಡುವಾಗ ಆನ್ ಮಾಡಿ ನೋಡಿ, ಜೋರು ಸದ್ದನ್ನು ತಗ್ಗಿಸಿ ಸಣ್ಣ ಸದ್ದನ್ನು ಎತ್ತುತ್ತದೆ. ನನ್ನ ಅತ್ತೆಯವರಿಗೆ ಇದನ್ನೇ ಮಾಡಿಕೊಟ್ಟೆ. ಸೆಂಟರ್ ಸ್ಪೀಕರ್ ನೆಲದ ಹತ್ತಿರ ಇದ್ದರೆ ಮುಂದಿನ ಅಂಚಿಗೆ ಒಂದು ಚಿಕ್ಕ ಮರದ ತುಂಡು ಕೊಟ್ಟು ಮೂತಿ ಕಿವಿ ಕಡೆ ತಿರುಗಿಸಿ. ಇದಕ್ಕೆ ಮೆನುಗಿಂತ ಜಾಸ್ತಿ ಫಲ ಇದೆ.

ಕೋಲಾರ ಗೇಮರ್:

ಸಿನಿಮಾ ಆಯಿತು. ಈಗ ಗೇಮಿಗೆ ಕಾರ್ಡ್. ಇದರಲ್ಲಿ ನಾನು ಸ್ವಲ್ಪ ಓದಿಕೊಂಡಿದ್ದೇನೆ, ಹೇಳುತ್ತೇನೆ.

ಕ್ರಿಯೇಟಿವ್‌ನ ಸೌಂಡ್ ಬ್ಲಾಸ್ಟರ್ ಝಡ್. ಡಾಲ್ಬಿ ಡಿಜಿಟಲ್ ಲೈವ್, ಡಿಟಿಎಸ್ ಕನೆಕ್ಟ್ ಎರಡೂ ಇದೆ. ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹಾಕುವಂಥದ್ದು. ಸೆಕೆಂಡ್ ಹ್ಯಾಂಡಲ್ಲಿ ಆಗಾಗ ಬರುತ್ತದೆ. ನಿಮ್ಮ ಬಜೆಟ್ಟಿಗೆ ನನ್ನ ಮೊದಲ ಆಯ್ಕೆ ಇದೇ.

ಅದೇ ಕಂಪನಿಯ ಏಇ-5 ಬಗ್ಗೆ ಒಂದು ಎಚ್ಚರಿಕೆ. ಎನ್‌ಕೋಡಿಂಗ್, ಅಂದರೆ ಗಂಟು ಕಟ್ಟುವ ಕೆಲಸ, ಇರುವುದು ಏಇ-5 ಪ್ಲಸ್‌ನಲ್ಲಿ. ಬರೀ ಏಇ-5 ತಗೊಂಡರೆ ಮೋಸ ಹೋಗುತ್ತೀರಿ. ಹೆಸರಿನ ಕೊನೆಯ ಪದ ನೋಡಿ. ಪ್ಲಸ್ ಹೊಸದು ನಿಮ್ಮ ಬಜೆಟ್ ಮೀರುತ್ತದೆ.

ಅಸುಸ್ ಕ್ಸೋನಾರ್ ಡಿಎಕ್ಸ್. 2008ರ ಕಾರ್ಡ್. ಡಾಲ್ಬಿ ಲೈವ್ ಇದೆ. ಇದಕ್ಕೆ ಹಳೆಯ ಫ್ಲಾಪಿ ಡ್ರೈವಿನ ನಾಲ್ಕು ಪಿನ್ ಪವರ್ ಕೊಡಬೇಕು. ಹೊಸ ಪವರ್ ಸಪ್ಲೈಗಳಲ್ಲಿ ಆ ಕನೆಕ್ಟರ್ ಇರುವುದಿಲ್ಲ, ಪಿನ್ ಬದಲಿಸುವ ವೈರ್ ಬೇಕು. ಹೊಸ ವಿಂಡೋಸಿಗೆ ಯೂನಿ ಕ್ಸೋನಾರ್ ಅಂತ ಬಳಕೆದಾರರೇ ಮಾಡಿದ ಡ್ರೈವರ್ ಇದೆ, ಬಹಳ ಜನ ಅದನ್ನೇ ಹಾಕುತ್ತಾರೆ. ಕ್ಸೋನಾರ್ ಡಿಎಸ್ ಸಿಕ್ಕರೆ ತಗೊಳ್ಳಬೇಡಿ. ಅದು ಹಳೆಯ ಪಿಸಿಐ. ಈಗಿನ ಬೋರ್ಡಲ್ಲಿ ಆ ಸ್ಲಾಟೇ ಇಲ್ಲ.

ಯುಎಸ್‌ಬಿ ಬೇಕು ಅಂದರೆ ಕ್ಸೋನಾರ್ ಯು7. ಅದರಲ್ಲೂ ಡಾಲ್ಬಿ ಲೈವ್ ಇದೆ. ಲ್ಯಾಪ್‌ಟಾಪ್ ಇರುವವರಿಗೆ ಒಳ್ಳೆಯದು.

ಗುಬ್ಬಿ ಮೇಷ್ಟ್ರು:

ಒಂದು ಸಂದೇಹ ಕೇಳಲಾ? ವಿಂಡೋಸಿನಲ್ಲಿ ಡಿಜಿಟಲ್ ಔಟ್‌ಪುಟ್ ಪ್ರಾಪರ್ಟೀಸ್ ತೆರೆದರೆ ಸಪೋರ್ಟೆಡ್ ಫಾರ್ಮ್ಯಾಟ್ಸ್ ಅನ್ನುವ ಹಾಳೆಯಲ್ಲಿ ಡಾಲ್ಬಿ ಡಿಜಿಟಲ್ ಟೆಸ್ಟ್ ಬಟನ್ ಇದೆ. ಒತ್ತಿದರೆ ನನ್ನ ಹಿಂದಿನ ಸ್ಪೀಕರಿನಲ್ಲೂ ಸದ್ದು ಬರುತ್ತದೆ. ಹಾಗಾದರೆ ನನ್ನ ಬೋರ್ಡಿನಲ್ಲಿ ಲೈವ್ ಇದೆ ಅಂತ ಅಲ್ವಾ? ಆದರೂ ಮೊಮ್ಮಗನ ಗೇಮಿನಲ್ಲಿ ಬರುತ್ತಿಲ್ಲ.

ಕ್ಯಾತ್ಸಂದ್ರ ಸರ್ವಿಸ್:

ಒಳ್ಳೆಯ ಪ್ರಶ್ನೆ ಮೇಷ್ಟ್ರೇ. ಬಹಳ ಜನ ಬೀಳುವ ಗುಂಡಿ ಅದು. ಆ ಬಟನ್ ಒತ್ತಿದಾಗ ವಿಂಡೋಸ್ ಮೊದಲೇ ಕಟ್ಟಿಟ್ಟ ಒಂದು ಡಾಲ್ಬಿ ತುಣುಕನ್ನು ದಾಟಿಸುತ್ತದೆ. ನಿಮ್ಮ ರಿಸೀವರ್ ಬಿಚ್ಚಬಲ್ಲದು ಅಂತ ಅದರಿಂದ ಗೊತ್ತಾಗುತ್ತದೆ. ಕಂಪ್ಯೂಟರ್ ಕಟ್ಟಬಲ್ಲದು ಅಂತ ಅಲ್ಲ.

ಕಟ್ಟಬಲ್ಲದಾ ನೋಡಬೇಕು ಅಂದರೆ ಅದೇ ಕಿಟಕಿಯ ಅಡ್ವಾನ್ಸ್ಡ್ ಹಾಳೆಗೆ ಹೋಗಿ. ಡೀಫಾಲ್ಟ್ ಫಾರ್ಮ್ಯಾಟ್ ಪಟ್ಟಿ ಬಿಚ್ಚಿ. ಅಲ್ಲಿ ಬರೀ 16 ಬಿಟ್, 24 ಬಿಟ್ ಸಾಲುಗಳಿದ್ದರೆ ಇಲ್ಲ. ಡಾಲ್ಬಿ ಡಿಜಿಟಲ್ ಲೈವ್ ಅಥವಾ ಡಿಟಿಎಸ್ ಇಂಟರ್ಯಾಕ್ಟಿವ್ ಅಂತ ಸಾಲು ಇದ್ದರೆ ಇದೆ. ಕೆಲವು ಬೋರ್ಡುಗಳಲ್ಲಿ ರಿಯಲ್‌ಟೆಕ್ ಚಿಪ್ಪಿನ ಜೊತೆ ಡಿಟಿಎಸ್ ಕನೆಕ್ಟ್ ಕೊಟ್ಟಿರುತ್ತಾರೆ. ಬೋರ್ಡ್ ಕಂಪನಿ ಲೈಸೆನ್ಸ್ ದುಡ್ಡು ಕಟ್ಟಿದ್ದರೆ ಉಂಟು, ಇಲ್ಲದಿದ್ದರೆ ಅದೇ ಚಿಪ್ ಇದ್ದರೂ ಇಲ್ಲ. ಆದ್ದರಿಂದ ಮೊದಲು ಬೋರ್ಡ್ ಕಂಪನಿಯ ಸೈಟಿನಿಂದ ಅವರದೇ ಡ್ರೈವರ್ ಹಾಕಿ ನೋಡಿ. ವಿಂಡೋಸ್ ತಾನೇ ಹಾಕಿಕೊಂಡ ಡ್ರೈವರಿನಲ್ಲಿ ಆ ಸಾಲು ಕಾಣದೆ ಇರಬಹುದು.

ಇದು ಹೊಸ ವಿದ್ಯೆಯೂ ಅಲ್ಲ. 2001ರಲ್ಲಿ ಎನ್‌ವಿಡಿಯಾದ ಎನ್‌ಫೋರ್ಸ್ ಬೋರ್ಡಿನಲ್ಲಿ, ಸೌಂಡ್‌ಸ್ಟಾರ್ಮ್ ಅನ್ನುವ ಹೆಸರಿನಲ್ಲಿ, ಗೇಮಿನ ಸದ್ದನ್ನು ಆಗಲೇ ಡಾಲ್ಬಿಯಾಗಿ ಕಟ್ಟುತ್ತಿದ್ದರು. ಮೊದಲ ಎಕ್ಸ್‌ಬಾಕ್ಸ್‌ನಲ್ಲೂ ಇತ್ತು. ಎಸಿ-3ರ ಪೇಟೆಂಟುಗಳು 2017ರಲ್ಲಿ ಮುಗಿದೂ ಹೋದವು. ಇಷ್ಟು ವರ್ಷವಾದರೂ ಎಲ್ಲಾ ಬೋರ್ಡಿನಲ್ಲೂ ಕೊಡುವುದಿಲ್ಲ ಅನ್ನುವುದು ನನಗೆ ನಿಜವಾಗಿ ಸಂಕಟ ತರುತ್ತದೆ. ಚೆನ್ನಾಗಿರುವ ಎಷ್ಟೋ ರಿಸೀವರುಗಳು ಇದೊಂದು ಕಾರಣಕ್ಕೆ ಗುಜರಿಗೆ ಹೋಗುವುದನ್ನು ಕಣ್ಣಾರೆ ನೋಡಿದ್ದೇನೆ.

ಗುಬ್ಬಿ ಮೇಷ್ಟ್ರು:

ಪಟ್ಟಿ ನೋಡಿದೆ. ಬಿಟ್ ಸಾಲುಗಳು ಮಾತ್ರ ಇವೆ. ನಾನೂ ಕಾರ್ಡ್ ಹುಡುಕುವ ಸಾಲಿಗೆ ಸೇರಿದೆ.

ಚಿಂತಾಮಣಿ ಅಕ್ಕ:

ಲಿನಕ್ಸ್ ಬಳಸುವವರಿಗೆ ಗೇಮಿಗೂ ಕಾರ್ಡ್ ಬೇಡ ಅಂತ ಸೇರಿಸುತ್ತೇನೆ. ಲಿನಕ್ಸಿನ ಸೌಂಡ್ ವ್ಯವಸ್ಥೆಯಾದ ಅಲ್ಸಾದಲ್ಲಿ ಎ52 ಅನ್ನುವ ಪ್ಲಗಿನ್ ಇದೆ. ಸಿಪಿಯುವೇ ಕೂತು ಎಸಿ-3 ಕಟ್ಟುತ್ತದೆ. ಸರಿಯಾಗಿ ಹಾಕಿದರೆ ಸೌಂಡ್ ಸೆಟ್ಟಿಂಗಿನಲ್ಲಿ ಡಿಜಿಟಲ್ ಸರೌಂಡ್ 5.1 ಅಂತ ಹೊಸ ಪ್ರೊಫೈಲ್ ಕಾಣುತ್ತದೆ. ಹತ್ತು ವರ್ಷ ಹಳೆಯ ಕಂಪ್ಯೂಟರಿಗೂ ಅದು ಭಾರ ಅಲ್ಲ. ನಮ್ಮ ಹುಡುಗರು ಅದರಲ್ಲೇ ಆಡುತ್ತಾರೆ.

ಬಟವಾಡಿ ಕೇಳುಗ:

ತಮ್ಮನ ಗೇಮ್ ವಿಂಡೋಸಿನದ್ದು ಅಕ್ಕ, ಬಿಡುವ ಹಾಗಿಲ್ಲ.

ಇನ್ನೊಂದು ನೋಡಿದೆ. ರಿಸೀವರ್ ಹಿಂದೆ 5.1 ಇನ್‌ಪುಟ್ ಅಂತ ಆರು ಆರ್‌ಸಿಎ ತೂತುಗಳೂ ಇವೆ. ಬೋರ್ಡಿನ ಅನಲಾಗ್ ಮೂರು ಜಾಕಿನಿಂದ ಅಲ್ಲಿಗೆ ಕೊಟ್ಟರೆ?

ಕ್ಯಾತ್ಸಂದ್ರ ಸರ್ವಿಸ್:

ಖಂಡಿತ ಆಗುತ್ತದೆ. ಮೂರು ವೈರ್ ಸಾಕು, ಒಂದು ತುದಿಗೆ 3.5 ಎಂಎಂ, ಇನ್ನೊಂದಕ್ಕೆ ಎರಡು ಆರ್‌ಸಿಎ. ಗಂಟು ಕಟ್ಟುವ ಮಾತೇ ಇಲ್ಲ. ಮೊದಲು ಅದನ್ನು ಮಾಡಿ ನೋಡಿ. ನಿಮ್ಮ ಕಂಪ್ಯೂಟರಿಗೂ ರಿಸೀವರಿಗೂ ಎಷ್ಟು ದೂರ?

ಬಟವಾಡಿ ಕೇಳುಗ:

ಗೋಡೆ ಪಕ್ಕದಲ್ಲೇ ಎಳೆದರೆ ಐದು ಮೀಟರಿಗೆ ಸ್ವಲ್ಪ ಕಡಿಮೆ. ಅಶೋಕ ರಸ್ತೆಯಲ್ಲಿ ವೈರ್ ತಂದು ನಿನ್ನೆ ಹಾಕಿದೆ. ಆರೂ ಚಾನೆಲ್ ಬಂತು! ಆದರೆ ಜೊತೆಗೆ ಕುಂಯ್ ಅಂತ ಒಂದು ಸದ್ದು. ಗೇಮ್ ನಿಲ್ಲಿಸಿದರೂ ನಿಲ್ಲುವುದಿಲ್ಲ. ಮೌಸ್ ಆಡಿಸಿದರೆ ಇನ್ನೊಂದು ಥರದ ಕಿರ್ರ್.

ಕ್ಯಾತ್ಸಂದ್ರ ಸರ್ವಿಸ್:

ಅರ್ಥಿಂಗ್ ಸಮಸ್ಯೆ. ಕಂಪ್ಯೂಟರ್ ಒಂದು ಪ್ಲಗ್, ರಿಸೀವರ್ ಇನ್ನೊಂದು ಪ್ಲಗ್. ಎರಡರ ನೆಲದ ಮಟ್ಟ ಬೇರೆ ಬೇರೆ. ಆಡಿಯೊ ವೈರಿನ ತಾಮ್ರದ ಮೂಲಕ ಆ ವ್ಯತ್ಯಾಸ ಹರಿಯುತ್ತದೆ, ಅದೇ ಕುಂಯ್. ನಮ್ಮ ಕಡೆ ಹಳೆಯ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇದ್ದರೂ ಅರ್ಥ್ ವೈರ್ ಗುಂಡಿ ತನಕ ಹೋಗಿರುವುದಿಲ್ಲ, ಹೋಗಿದ್ದರೂ ಬೇಸಿಗೆಯಲ್ಲಿ ಗುಂಡಿ ಒಣಗಿರುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ, ಕಡಿಮೆ ಆಗಬಹುದು. ದಯವಿಟ್ಟು ಯಾರೂ ಅರ್ಥ್ ಪಿನ್ ಕತ್ತರಿಸಿ ಸದ್ದು ನಿಲ್ಲಿಸಲು ಹೋಗಬೇಡಿ. ಹಾಗೆ ಮಾಡಿದವರ ಕ್ಯಾಬಿನೆಟ್ ಮುಟ್ಟಿ ನನಗೇ ಶಾಕ್ ಹೊಡೆದಿದೆ.

ಆಪ್ಟಿಕಲ್ ವೈರಿನ ದೊಡ್ಡ ಗುಣ ಇಲ್ಲೇ ಕಾಣುವುದು. ಅದರಲ್ಲಿ ತಾಮ್ರ ಇಲ್ಲ. ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಎಳೆ, ಅದರಲ್ಲಿ ಕೆಂಪು ಬೆಳಕು. ಎರಡು ಯಂತ್ರಕ್ಕೂ ವಿದ್ಯುತ್ ಸಂಬಂಧವೇ ಇರುವುದಿಲ್ಲ, ಕುಂಯ್ ದಾಟುವುದಕ್ಕೆ ದಾರಿ ಇಲ್ಲ. ತೊಷಿಬಾದವರು 1983ರಲ್ಲಿ ತಂದದ್ದು ಇದು, ಟಾಸ್‌ಲಿಂಕ್ ಅಂತ ಹೆಸರು. ಐದು ಮೀಟರ್ ಒಳಗೆ ಇದ್ದರೆ ಚಿಂತೆ ಇಲ್ಲ. ಮೂಲೆಯಲ್ಲಿ ಚೂಪಾಗಿ ಮಡಿಸಬೇಡಿ, ಒಂದು ಬಳೆಯಷ್ಟಾದರೂ ಸುತ್ತು ಕೊಡಿ. ಒಂದು ತುದಿ ಸಿಕ್ಕಿಸಿ ಇನ್ನೊಂದನ್ನು ಅಂಗೈಗೆ ಹಿಡಿದರೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕಿ ಕಾಣಬೇಕು. ಕಂಡರೆ ವೈರ್ ಸರಿ ಇದೆ. ಹೊಸ ವೈರಿನ ತುದಿಗೆ ಪಾರದರ್ಶಕ ಟೋಪಿ ಇರುತ್ತದೆ, ಅದನ್ನು ತೆಗೆಯದೆ "ವೈರ್ ಕೆಟ್ಟಿದೆ" ಅಂತ ಬಂದವರು ಒಬ್ಬಿಬ್ಬರಲ್ಲ.

ಗುಬ್ಬಿ ಮೇಷ್ಟ್ರು:

ನನ್ನ ಇನ್ನೊಂದು ಕಂಪ್ಯೂಟರಿನ ಹಿಂದೆ ಆಪ್ಟಿಕಲ್ ಕಿಂಡಿಯೇ ಇಲ್ಲ. ಅದಕ್ಕೆ ದಾರಿ ಉಂಟೇ?

ಕ್ಯಾತ್ಸಂದ್ರ ಸರ್ವಿಸ್:

ಬೋರ್ಡಿನ ಮೇಲೆ ಎಸ್‌ಪಿಡಿಫ್ ಔಟ್ ಅಂತ ಬರೆದ ಪುಟ್ಟ ಪಿನ್ನುಗಳಿವೆಯಾ ನೋಡಿ. ಇದ್ದರೆ ಅದಕ್ಕೆ ಹಾಕುವ ಬ್ರಾಕೆಟ್ ಸಿಗುತ್ತದೆ. ಪಿನ್ ಜೋಡಣೆ ಬೋರ್ಡಿನಿಂದ ಬೋರ್ಡಿಗೆ ಬೇರೆ, ಮ್ಯಾನ್ಯುಯಲ್ ನೋಡಿಯೇ ಹಾಕಿ. ಡಿವಿಡಿಗೆ ಅದು ಸಾಕು.

ಬಟವಾಡಿ ಕೇಳುಗ:

ಒಂದೇ ಎಕ್ಸ್‌ಟೆನ್ಷನ್‌ಗೆ ಹಾಕಿದೆ. ಕುಂಯ್ ಅರ್ಧಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ. ರಾತ್ರಿ ಅಮ್ಮ ಸಿನಿಮಾ ನೋಡುವಾಗ ಮೌನ ಇರುವ ಜಾಗದಲ್ಲಿ ಅದೇ ಕೇಳುತ್ತದೆ. ತೀರ್ಮಾನ ಮಾಡಿದೆ, ಕಾರ್ಡ್ ತಗೊಳ್ಳುತ್ತೇನೆ. ಭಾನುವಾರ ಬಿಟ್ಟು ಸೋಮವಾರ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಎಸ್‌ಪಿ ರೋಡಲ್ಲಿ ಹುಡುಕುತ್ತೇನೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಏನು ನೋಡಬೇಕು?

ಕೋಲಾರ ಗೇಮರ್:

ಅಣ್ಣ, ಅಂಗಡಿಯಲ್ಲೇ ಕಂಪ್ಯೂಟರಿಗೆ ಹಾಕಿಸಿ. ಆಪ್ಟಿಕಲ್ ಕಿಂಡಿಯಲ್ಲಿ ಕೆಂಪು ಬೆಳಕು ಬರಬೇಕು. ಡ್ರೈವರ್ ಹಾಕಿದ ಮೇಲೆ ಪ್ಯಾನೆಲಿನಲ್ಲಿ ಡಾಲ್ಬಿ ಡಿಜಿಟಲ್ ಲೈವ್ ಕಾಣಬೇಕು. ಈ ಎರಡು ಆಗದಿದ್ದರೆ ದುಡ್ಡು ಕೊಡಬೇಡಿ.

ಇನ್ನೊಂದು ಮೊದಲೇ ಹೇಳಿಬಿಡುತ್ತೇನೆ. ಡಾಲ್ಬಿ ಲೈವಿನಲ್ಲಿ ಸ್ವಲ್ಪ ತಡ ಆಗುತ್ತದೆ. ಒಂದು ಎಸಿ-3 ಫ್ರೇಮ್ ಅಂದರೆ 1,536 ಸ್ಯಾಂಪಲ್, 48 ಕಿಲೋಹರ್ಟ್ಸಿನಲ್ಲಿ 32 ಮಿಲಿಸೆಕೆಂಡ್. ಅಷ್ಟು ತುಂಬಿದ ಮೇಲೇ ಕಟ್ಟಲು ಸಾಧ್ಯ. ಬಿಚ್ಚುವ ಹೊತ್ತು ಬೇರೆ. ಕಾರ್ ರೇಸ್, ಕಥೆ ಇರುವ ಗೇಮುಗಳಿಗೆ ಗೊತ್ತೇ ಆಗುವುದಿಲ್ಲ. ಆನ್‌ಲೈನ್ ಶೂಟಿಂಗ್ ಆಡುವವರಿಗೆ ಗೊತ್ತಾಗುತ್ತದೆ. ತಮ್ಮ ಅದನ್ನೇ ಆಡುತ್ತಾನೆ ಅಂದರೆ ಆ ಹೊತ್ತಿಗೆ ಹೆಡ್‌ಫೋನ್ ಹಾಕಿಕೊಳ್ಳಲಿ.

ತಿಪಟೂರು ತೆಂಗು:

ಹಾಡು ಕೇಳುವಾಗ ಲೈವ್ ಆಫ್ ಮಾಡಿ. ಆನ್ ಇದ್ದರೆ ಎರಡು ಚಾನೆಲ್ ಹಾಡೂ ಎಸಿ-3 ಆಗಿಯೇ ಹೋಗುತ್ತದೆ, ನಾಲ್ಕು ಚಾನೆಲ್ ಖಾಲಿ. ಸ್ಟೀರಿಯೊ ಪಿಸಿಎಂ ಆಗಿ ಕಳಿಸಿದರೆ ಹಿಂಡದೆ ಹೋಗುತ್ತದೆ. ಹಳೆಯ ಹಾಡುಗಳಿಗೆ ಈ ವ್ಯತ್ಯಾಸ ನನಗಂತೂ ಕೇಳುತ್ತದೆ.

ಬಟವಾಡಿ ಕೇಳುಗ:

ಎಲ್ಲರಿಗೂ ಖುಷಿಯ ಸುದ್ದಿ. ಮೂರನೇ ಅಂಗಡಿಯಲ್ಲಿ ಸೌಂಡ್ ಬ್ಲಾಸ್ಟರ್ ಝಡ್ ಸಿಕ್ಕಿತು. ಅಂಗಡಿಯವರು ಒಳ್ಳೆಯವರು, ಬೇಸರ ಮಾಡದೆ ಹಾಕಿ ತೋರಿಸಿದರು. ಕೆಂಪು ಬೆಳಕು ನೋಡಿದೆ, ಪ್ಯಾನೆಲ್ ನೋಡಿದೆ, ತಗೊಂಡೆ. 8,000 ಒಳಗೇ ಆಯಿತು.

ಮನೆಗೆ ಬಂದು ಹಾಕಿದರೆ ಸದ್ದೇ ಇಲ್ಲ. ಎದೆ ಧಸಕ್ ಅಂದಿತು. ನೋಡಿದರೆ ವಿಂಡೋಸ್ ಇನ್ನೂ ಮಾನಿಟರಿನ ಎಚ್‌ಡಿಎಂಐಗೇ ಸದ್ದು ಕಳಿಸುತ್ತಿತ್ತು. ಡೀಫಾಲ್ಟ್ ಬದಲಿಸಿದೆ. ಆಮೇಲೆ ಡಾಲ್ಬಿ ಬಂತು, ಆದರೆ ಹಿಂದಿನ ಸ್ಪೀಕರ್ ಮೌನ. ಕಾರ್ಡಿನ ಪ್ಯಾನೆಲಿನಲ್ಲಿ ಸ್ಪೀಕರ್ ಸ್ಟೀರಿಯೊ ಅಂತ ಇತ್ತು. 5.1 ಮಾಡಿದೆ. ಗೇಮಿನ ಒಳಗಿನ ಆಡಿಯೊ ಮೆನುವಿನಲ್ಲೂ ಹೆಡ್‌ಫೋನ್ ಇದ್ದದ್ದನ್ನು ಹೋಮ್ ಥಿಯೇಟರ್ ಮಾಡಿದೆ. ಮೂರು ಕಡೆಯೂ ಸರಿ ಮಾಡಿದ ಮೇಲೆ ಆರು ಚೌಕ ಹೊತ್ತಿಕೊಂಡವು. ಕುಂಯ್ ಇಲ್ಲವೇ ಇಲ್ಲ. ಸೆಂಟರ್ ಸ್ಪೀಕರಿಗೆ ಮರದ ತುಂಡು ಕೊಟ್ಟು, 3 ಡೆಸಿಬಲ್ ಏರಿಸಿದ್ದೇನೆ. ಅಮ್ಮ ನಿನ್ನೆ ರಾತ್ರಿ ಒಮ್ಮೆಯೂ "ಏನಂದ ಅವನು" ಅಂತ ಕೇಳಲಿಲ್ಲ.

ತಮ್ಮ ಮಾತ್ರ ಒಂದು ಹೇಳುತ್ತಿದ್ದಾನೆ. ಗೇಮಿನಲ್ಲಿ ಎಡಗಡೆ ಹಿಂದಿನಿಂದ ಬರುವ ಹೆಜ್ಜೆ ಸದ್ದು ಬಲಗಡೆ ಕೇಳುತ್ತದಂತೆ.

ಕ್ಯಾತ್ಸಂದ್ರ ಸರ್ವಿಸ್:

ರಿಸೀವರಿನ ಟೆಸ್ಟ್ ಟೋನ್ ಹಾಕಿ. ಡಿಸ್‌ಪ್ಲೇಯಲ್ಲಿ ಎಸ್‌ಎಲ್ ಬಂದಾಗ ಯಾವ ಸ್ಪೀಕರ್ ಸದ್ದು ಮಾಡುತ್ತದೆ?

ಬಟವಾಡಿ ಕೇಳುಗ:

ಬಲಗಡೆಯದು. ಹಿಂದಿನ ಎರಡು ವೈರ್ ಮೊದಲ ದಿನದಿಂದಲೇ ಅದಲು ಬದಲಾಗಿತ್ತು. ಬದಲಿಸಿದೆ. ಈಗ ತಮ್ಮ ಕಣ್ಣು ಮುಚ್ಚಿಕೊಂಡು ಹೆಜ್ಜೆ ಎಲ್ಲಿಂದ ಬರುತ್ತಿದೆ ಅಂತ ಕೈ ತೋರಿಸುತ್ತಿದ್ದಾನೆ. ದೊಡ್ಡಪ್ಪನಿಗೆ ಫೋನ್ ಮಾಡಿ ಕೇಳಿಸಿದೆವು.

ಗುಬ್ಬಿ ಮೇಷ್ಟ್ರು:

ಬಹಳ ಸಂತೋಷ. ಆ ಅಂಗಡಿಯಲ್ಲಿ ಅದೇ ಕಾರ್ಡ್ ಇನ್ನೊಂದು ಇತ್ತಾ? ಗುರುವಾರ ನಾನು ಬೆಂಗಳೂರಿಗೆ ಹೋಗುವುದಿದೆ.

ಬಟವಾಡಿ ಕೇಳುಗ:

ಇನ್ನೊಂದು ಇತ್ತು ಮೇಷ್ಟ್ರೇ. ಅದರ ಆಪ್ಟಿಕಲ್ ಕಿಂಡಿಯ ಬಾಗಿಲು ಮುರಿದಿದೆ, ಬೆಳಕು ಮಾತ್ರ ಸರಿಯಾಗಿ ಬರುತ್ತಿತ್ತು. ಅಂಗಡಿ ಎಲ್ಲಿ ಅಂತ ನಿಮಗೆ ಮೆಸೇಜ್ ಮಾಡುತ್ತೇನೆ.